ಮೇಲಕ್ಕೆ ಹೋಗುತ್ತಿದ್ದ ಛರ್ರಾ

ಮೊದಲ ಛರ್ರಾ, ಕಾಳಿನಷ್ಟು ಸಣ್ಣ ಆ ಸೀಸದ ಗುಂಡು, ಎಲ್ಲಿಗೆ ಹೋಯಿತೆಂದು ನಮಗೆ ಗೊತ್ತಾಗಲಿಲ್ಲ. ಮಗಳು ಗುರಿ ಹಿಡಿದು ಹೊಡೆದಳು. ಏರ್ ರೈಫಲ್ ತನ್ನ ಎಂದಿನ ಸಣ್ಣ ಸದ್ದು ಮಾಡಿತು. ಹೋಗಿ ನೋಡಿದರೆ ಗುರಿ ಕಾಗದದಲ್ಲಿ ತೂತೇ ಇರಲಿಲ್ಲ. ಕಾಗದದ ಹಿಂದೆ ಮಣ್ಣಿನ ದಿಬ್ಬ, ಅದರ ಆಚೆ ಕಾಲುವೆ ದಾರಿ. ತುರ್ವಿಹಾಳದ ನಮ್ಮ ಹೊಲದ ಸುತ್ತ ಆಗ ಭತ್ತದ ನಾಟಿ ನಡೆದಿತ್ತು. ಸಾಲಗುಂದದ ಕಡೆಯ ಹೆಣ್ಣುಮಕ್ಕಳು ಕೂಲಿಗೆ ಬರುತ್ತಿದ್ದುದು ಆ ದಾರಿಯಲ್ಲೇ.

ನಾನು ಚಪ್ಪಲಿ ಬಿಟ್ಟು ಓಡಿದೆ. ದಿಬ್ಬ ಬಳಸಿ ದಾರಿಗೆ ಬಂದೆ. ಹೆಣ್ಣುಮಕ್ಕಳ ಒಂದು ಗುಂಪು ಬುತ್ತಿ ಹಿಡಿದು ಬರುತ್ತಿತ್ತು. ನಾನು ಒಬ್ಬೊಬ್ಬರ ಮುಖ ನೋಡಿದೆ, ಕಣ್ಣು ನೋಡಿದೆ.

"ಯಾಕ್ರೀ ಅಕ್ಕಾರ, ನಾಯಿ ಬೆನ್ನ ಹತ್ತೇತೇನ್ರಿ?" ಎಂದಳು ಮುಂದಿದ್ದವಳು.

"ಏನಿಲ್ಲ ಬಿಡ್ರಿ. ಯಾರಿಗೂ ಏನೂ ಬಡದಿಲ್ಲಲ್ಲ?"

"ಬಿಸಲು ಬಡಿಯಾಕತ್ತೈತಿ ನೋಡ್ರಿ. ಬ್ಯಾರೆ ಏನ್ ಬಡಿತೈತಿ?"

ಅವರೆಲ್ಲ ನಕ್ಕು ಮುಂದೆ ಹೋದರು. ನಾನು ಅಲ್ಲೇ ಕೂತೆ.

ಆ ರೈಫಲ್ ನನ್ನ ಗಂಡನದು. ಸೈನ್ಯದಿಂದ ನಿವೃತ್ತರಾಗಿ ಬಂದ ಮೇಲೆ ಅವರು ಸಿಂಧನೂರಿನ ಒಂದು ಅಕ್ಕಿ ಗಿರಣಿಯಲ್ಲಿ ಕಾವಲು ಕೆಲಸ ಮಾಡುತ್ತಿದ್ದರು. ರಜೆಯ ದಿನ ಹೊಲಕ್ಕೆ ಬಂದು ಮಗಳಿಗೆ ಗುರಿ ಹೊಡೆಯುವುದನ್ನು ಕಲಿಸುತ್ತಿದ್ದರು. ನನ್ನ ತವರು ಮಸ್ಕಿಯಲ್ಲಿ ರೈಫಲನ್ನು ಹೊರಗೆ ತೆಗೆಯಲು ಅವರು ಒಪ್ಪುತ್ತಿರಲಿಲ್ಲ. ಅಲ್ಲಿ ಎತ್ತ ನೋಡಿದರೂ ಬಂಡೆ. ಬಂಡೆಗೆ ಬಡಿದ ಛರ್ರಾ ತಿರುಗಿ ನಮ್ಮ ಕಡೆಗೇ ಬರುತ್ತದೆ ಎನ್ನುತ್ತಿದ್ದರು. ಅದಕ್ಕೇ ಇಲ್ಲಿ ಕಾಲುವೆಯ ಹೂಳು ತಂದು ಹಾಕಿಸಿ ಆಳೆತ್ತರದ ದಿಬ್ಬ ಮಾಡಿದ್ದರು. ಮಳೆಗೆ ಕರಗಿದಷ್ಟನ್ನು ತಾವೇ ಮತ್ತೆ ಏರಿಸುತ್ತಿದ್ದರು.

ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡರು. ಸಿಂಧನೂರಿನ ಆಸ್ಪತ್ರೆ ಮುಟ್ಟುವ ಮೊದಲೇ ಹೋದರು. ಆಮೇಲೆ ದಿಬ್ಬದ ಕಡೆ ಯಾರೂ ನೋಡಲಿಲ್ಲ. ಬದು ಕಟ್ಟಲು ಯಾರೋ ಮಣ್ಣು ಒಯ್ದಿದ್ದರು. ಈಗ ಅದು ನನ್ನ ಎದೆಯವರೆಗೂ ಇರಲಿಲ್ಲ.

ಲಿಂಗಸುಗೂರಿನಲ್ಲಿ ಓದುತ್ತಿದ್ದ ಮಗಳು ರೈಫಲ್ ಇಟ್ಟಿದ್ದ ಟ್ರಂಕು ತೆಗೆ ಎಂದು ಕೇಳಿದ್ದು ಸಂಕ್ರಾಂತಿಯ ಹೊತ್ತಿಗೆ. ಕಾಲೇಜಿನಲ್ಲಿ ಶೂಟಿಂಗ್ ಆಯ್ಕೆ ಇತ್ತು. ತಂದೆ ಸತ್ತ ಮೇಲೆ ಅವಳು ಬಾಯಿ ಬಿಟ್ಟು ಕೇಳಿದ್ದು ಅದೊಂದನ್ನೇ. ಹಾಗಾಗಿ ಇಲ್ಲ ಎನ್ನಲು ಆಗಲಿಲ್ಲ. ಆದರೆ ಆ ದಿನ ದಾರಿಯ ಮೇಲೆ ಕೂತಾಗ ನಾನು ಒಂದು ತೀರ್ಮಾನಕ್ಕೆ ಬಂದೆ. ಛರ್ರಾ ಎಲ್ಲಿಗೆ ಹೋಗುತ್ತದೆಂದು ಇವತ್ತು ಖಾತ್ರಿಯಾಗದಿದ್ದರೆ ರೈಫಲ್ ಟ್ರಂಕಿಗೆ ಹೋಗಬೇಕು, ಮತ್ತೆ ಹೊರಗೆ ಬರಬಾರದು. ಅವಳಿಗೂ ಹಾಗೇ ಹೇಳಿದೆ.

ನೀರು ಕಟ್ಟುತ್ತಿದ್ದ ಮೈದುನ ನನ್ನ ಓಟ ನೋಡಿ ಬಂದ.

"ವೈನಿ, ಇದನ್ನ ಇಲ್ಲಿಗೇ ಬಿಡೂದು ಚಲೋ. ಒಬ್ಬಾಕಿ ಕಣ್ಣಿಗೆ ಬಡೀತಂದ್ರ ಊರಾಗ ತಲಿ ಎತ್ತಿ ತಿರಗಾಕ ಆಗಂಗಿಲ್ಲ."

"ಕಾಕಾ, ಒಂದೀಟು ತಡಿ" ಎಂದಳು ಮಗಳು. "ಎಲ್ಲಿಗೆ ಹೊಂಟೈತಿ ಅಂತರ ನೋಡೋಣು."

ಮನೆಯಿಂದ ಹಳೆಯ ದೊಡ್ಡ ಕ್ಯಾಲೆಂಡರ್ ತಂದು, ಅದರ ಬಿಳಿ ಬೆನ್ನನ್ನು ಮುಂದೆ ಮಾಡಿ, ಗುರಿ ಕಾಗದವನ್ನು ಅದರ ನಡುವೆ ಅಂಟಿಸಿದೆವು. ಈ ಸಲ ದಿಬ್ಬದ ಬುಡಕ್ಕೇ, ನೆಲಕ್ಕೆ ತಾಗುವಂತೆ ನಿಲ್ಲಿಸಿದೆವು. ಯಾರೂ ಬರದಂತೆ ತಡೆಯಲು ನಾನು ಕಾಲುವೆ ದಾರಿಯ ತಿರುವಿನಲ್ಲಿ, ದೂರ ಒಂದು ಜಾಲಿಯ ಮರೆಗೆ ನಿಂತೆ. ಸದ್ದು ಕೇಳಿದಾಗಲೆಲ್ಲ ನನ್ನ ಕೈ ಎದೆಗೆ ಹೋಗುತ್ತಿತ್ತು. ಅವರು ಎದೆ ಹಿಡಿದುಕೊಂಡದ್ದೂ ಹೀಗೆಯೇ ಎಂದು ನೆನಪಾಗಿ ಕೈ ಕೆಳಗಿಳಿಸುತ್ತಿದ್ದೆ.

ಮಗಳು, ಮೈದುನ ಕೂಗಿದ ಮೇಲೆ ಹೋಗಿ ನೋಡಿದೆ. ತೂತುಗಳೆಲ್ಲ ಗುರಿಗಿಂತ ಗೇಣು ಮೇಲೆ, ಒಂದರ ಪಕ್ಕ ಒಂದು ಇದ್ದವು. ಅಂದರೆ ಕೈ ನಡುಗಿದ್ದಲ್ಲ. ರೈಫಲಿನ ಮರದ ಮೇಲೆ ಮಗಳ ಕೆನ್ನೆ ಏರಿ ಕೂತು ಗುರಿ ತಪ್ಪಿರಬಹುದೆಂದು ಮೈದುನನೂ ಹೊಡೆದು ನೋಡಿದ. ಅವನದೂ ಅಲ್ಲಿಗೇ ಹೋಯಿತು.

ನಳಿಗೆಯ ತುದಿಯಲ್ಲಿ ಒಂದು ಸಣ್ಣ ಮೊನೆ ಇರುತ್ತದೆ; ಸೈನ್ಯದವರು ಅದಕ್ಕೆ ಮಕ್ಖಿ ಎನ್ನುತ್ತಾರೆ. ಕಣ್ಣಿನ ಹತ್ತಿರ ಕಚ್ಚು ಕೊರೆದ ಒಂದು ತಗಡು. ಕಚ್ಚಿನ ನಡುವೆ ಮಕ್ಖಿ ಸಮನಾಗಿ ಕಾಣುವಂತೆ ಹಿಡಿದು ಹೊಡೆಯಬೇಕು. ಹಿಂದಿನ ತಗಡನ್ನು ಏರಿಸಲು, ಇಳಿಸಲು ಅದರಡಿ ಒಂದು ಪುಟ್ಟ ಚಕ್ರ.

ಮೈದುನ ಮಕ್ಖಿಯನ್ನು ಬೆರಳಿನಿಂದ ಮುಟ್ಟಿ, "ಇದು ಭಾಳ ಎತ್ತರ ಐತಿ. ಅರದಿಂದ ಒಂದೀಟು ತಿಕ್ಕಿದ್ರ ಕೆಳಗ ಬರತೈತಿ" ಎಂದ.

"ಬ್ಯಾಡ ಕಾಕಾ. ಮುಂದಿಂದು ತಗ್ಗಿದ್ರ ಛರ್ರಾ ಇನ್ನೂ ಮ್ಯಾಲೆ ಹೊಕ್ಕೈತಿ. ಹಿಂದಿಂದು ಹೇಳಿದಂಗ ಕೇಳತೈತಿ, ಮುಂದಿಂದು ಉಲ್ಟಾ. ಅಪ್ಪ ಹೇಳ್ತಿದ್ದ."

"ಹಂಗಾದ್ರ ಮುಂದಿಂದು ನಿನ್ನಂಗ ಅನ್ನು."

ಅವಳು ನಕ್ಕಳು. ಎಷ್ಟೋ ದಿನದ ಮೇಲೆ ಆ ನಗು ಕೇಳಿದ್ದೆ. ಆದರೂ ನನ್ನ ಕಣ್ಣು ದಾರಿಯ ಕಡೆಗೇ ಇತ್ತು.

ಅವಳು ಚಕ್ರ ತಿರುಗಿಸಿ ಹಿಂದಿನ ತಗಡು ಇಳಿಸಿದಳು, ಹೊಡೆದಳು. ತೂತು ಅಲ್ಲೇ. ಇನ್ನೂ ಇಳಿಸಿದಳು. ಅಲ್ಲೇ. ಚಕ್ರ ಪೂರ್ತಿ ಕೆಳಗಿಳಿದರೂ ಛರ್ರಾ ಇಳಿಯಲಿಲ್ಲ. ಅವಳ ಮುಖ ಸಪ್ಪಗಾಯಿತು. "ಅವ್ವ, ಕೆಟ್ಟೈತಿ ಅನಸತೈತಿ" ಎಂದಳು.

ನಾನು ರೈಫಲ್ ಕೈಗೆ ತಗೊಂಡೆ. ಮದುವೆಯಾದಾಗಿನಿಂದ ಅದನ್ನು ಬಟ್ಟೆಯಲ್ಲಿ ಸುತ್ತಿಟ್ಟಿದ್ದೆನೇ ಹೊರತು ಹೀಗೆ ಹಿಡಿದವಳಲ್ಲ. ಚಕ್ರ ಮುಟ್ಟಿದೆ. ಅದು ಸಡಿಲವಾಗಿ, ಯಾವ ಭಾರವೂ ಇಲ್ಲದೆ ತಿರುಗಿತು. ಅವರು ತಿರುಗಿಸುವಾಗ ಕಟಕಟ ಎಂದು ಬಿಗಿಯಾಗಿ ತಿರುಗುತ್ತಿದ್ದುದನ್ನು ಪಕ್ಕದಲ್ಲಿ ಕೂತು ಎಷ್ಟೋ ಸಲ ಕೇಳಿದ್ದೆ. ತಗಡು ಚಕ್ರದ ಮೇಲೆ ಕೂತೇ ಇರಲಿಲ್ಲ. ಬೇರೆ ಏನೋ ಅದನ್ನು ಎತ್ತಿ ಹಿಡಿದಿತ್ತು. ಮಗಳು ಮೊಬೈಲಿನ ಬೆಳಕು ಬಿಟ್ಟು ಸಂದಿಯಲ್ಲಿ ಇಣುಕಿದಳು.

"ಬೆಳ್ಳಗ ಏನೋ ಐತಿ."

ನನಗೆ ಕೂಡಲೇ ತಿಳಿಯಿತು.

ಮಹಾನವಮಿಯ ದಿನ ನಮ್ಮಲ್ಲಿ ಕುಡಗೋಲು, ಟ್ರ್ಯಾಕ್ಟರು, ಔಷಧಿ ಹೊಡೆಯುವ ಪಂಪು, ಎಲ್ಲದಕ್ಕೂ ವಿಭೂತಿ ಹಚ್ಚುತ್ತೇವೆ. ರೈಫಲಿಗೆ ಅವರು ಹಚ್ಚುತ್ತಿದ್ದುದು ಹಿಂಬದಿಯ ಮರಕ್ಕೆ ಮಾತ್ರ. ಮರುದಿನ ಬೆಳಿಗ್ಗೆ ತಪ್ಪದೆ ಒರೆಸಿ ಎಣ್ಣೆ ಹಾಕುತ್ತಿದ್ದರು. ತೀರಿಕೊಂಡ ವರ್ಷ ಅವರು ಸ್ಟೂಲಿನ ಮೇಲೆ ಕೂತೇ ಪೂಜೆ ಮಾಡಿದರು. ಕೈ ನಡುಗಿ, ನೀರಾದ ವಿಭೂತಿ ತಗಡಿನ ಮೇಲೆಲ್ಲ ಇಳಿಯಿತು. "ಇರ್ಲಿ ಬಿಡ, ನಾಳೆ ಒರಸ್ತೀನಿ" ಎಂದರು. ಮರುದಿನ ಎದ್ದದ್ದೇ ತಡವಾಗಿ. ಒರೆಸಲಿಲ್ಲ. ಇಳಿದ ವಿಭೂತಿ ಹಳೆಯ ಎಣ್ಣೆಯಲ್ಲಿ ಕಲೆತು ತಗಡಿನ ಅಡಿ ಸುಣ್ಣದ ಗಾರೆಯಂತೆ ಉಬ್ಬಿ ಗಟ್ಟಿಯಾಗಿ ಅದನ್ನು ಎತ್ತಿ ಹಿಡಿದಿತ್ತು.

ಅದನ್ನು ಕೆರೆಯಲು ಪಿನ್ನಿಗಾಗಿ ನನ್ನ ಕೈ ತಾನಾಗಿ ಬಳೆಗೆ ಹೋಯಿತು. ಅಲ್ಲಿ ಬಳೆ ಇರಲಿಲ್ಲ. ಮಗಳು ತನ್ನ ದುಪಟ್ಟಾದ ಪಿನ್ನು ಬಿಚ್ಚಿ ಕೊಟ್ಟಳು. ಕೊಟ್ಟವಳು ನನ್ನ ಮುಖ ನೋಡಿ, "ಬ್ಯಾಡಾಗಿದ್ರ ಬಿಡವ್ವ. ಹಂಗೇ ಇಡೋಣು" ಎಂದಳು. ಅವರ ಬೆರಳಿನಿಂದ ಇಳಿದದ್ದು ನಮ್ಮಲ್ಲಿ ಅಷ್ಟೇ ಉಳಿದಿತ್ತು. ಆಚೆ ದಾರಿಯಲ್ಲಿ ಯಾರೋ ಮಾತಾಡುತ್ತಾ ಹೋದರು.

ನಾನು ಕೆರೆದೆ. ಮೈದುನ ತನ್ನ ಟವೆಲ್ ಕೆಳಗೆ ಹಿಡಿದ, ಚೂರು ನೆಲಕ್ಕೆ ಬೀಳದಂತೆ. ಕೊನೆಯ ತುಣುಕು ಉದುರಿದಾಗ ತಗಡು ಸಣ್ಣಗೆ ಟಕ್ ಎಂದು ಚಕ್ರದ ಮೇಲೆ ಕೂತಿತು.

ಚಕ್ರವನ್ನು ಮೊದಲಿದ್ದಲ್ಲಿಗೆ ಏರಿಸಿ ಮಗಳು ಹೊಡೆದಳು. ಛರ್ರಾ ಗುರಿಯ ಕಪ್ಪಿನೊಳಗೆ ಬಿತ್ತು. ಚಕ್ರವನ್ನು ಅವರು ಕೂರಿಸಿಟ್ಟಿದ್ದು ಅಲ್ಲಿಗೇ. ಅವಳು ಇನ್ನೂ ಹೊಡೆದಳು, ಎಲ್ಲವೂ ಅಲ್ಲೇ ಬಿದ್ದವು. ಮೈದುನ ಟವೆಲ್ಲಿನ ಪುಡಿಯನ್ನು ಹಣೆಗೆ ಹಚ್ಚಿಕೊಂಡು, ಗುದ್ದಲಿ ತಂದು ದಿಬ್ಬಕ್ಕೆ ಮಣ್ಣು ಏರಿಸತೊಡಗಿದ.

ರೈಫಲ್ ಈಗ ಟ್ರಂಕಿನಲ್ಲಿಲ್ಲ, ಮಗಳ ಹತ್ತಿರವೇ ಇದೆ. ನನ್ನ ಭಯ ಹೋಗಿಲ್ಲ. ಅವಳು ಹೊಡೆಯುವ ದಿನ ಮೊದಲು ದಾರಿ ನೋಡಿಕೊಂಡು ಬರುತ್ತೇನೆ, ಆಮೇಲೂ ನೋಡಿಕೊಂಡು ಬರುತ್ತೇನೆ. ಮನೆಯಲ್ಲಿ ಯಾರಾದರೂ ನಾಳೆ ಮಾಡ್ತೀನಿ ಎಂದು ಸುಸ್ತಾಗಿ ಕೂತರೆ ಹತ್ತಿರ ಹೋಗಿ ಮುಖ ನೋಡುತ್ತೇನೆ. ಈ ಸಲದ ಮಹಾನವಮಿಗೆ ವಿಭೂತಿ ನಾನೇ ಹಚ್ಚಿದೆ, ಮರಕ್ಕೆ ಮಾತ್ರ. ಮರುದಿನ ಬೆಳಿಗ್ಗೆ ಚಹಾಕ್ಕೆ ಮೊದಲು ಒರೆಸಿದೆ.