ತೂಗಿ ನೋಡಿ ಕೊಂಡ ಡಬ್ಬ

ತಾಮರೈಸೆಲ್ವಿಯ ಕೈಗೆ ಬಿದ್ದರೆ ಎಂಥ ಮದುವೆಯೂ ಚೆಂದವೇ. ಪುರಸವಾಕ್ಕಂನ ಸ್ಟುಡಿಯೋ ಒಂದರ ಹಿಂದಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಅವಳು ಮದುಮಗಳ ಮುಖದ ಬೆವರು ಒರೆಸುವಳು, ರೆಪ್ಪೆ ಮುಚ್ಚಿದ ಬೀಗರಿಗೆ ಇನ್ನೊಂದು ಫೋಟೋದಿಂದ ತೆರೆದ ಕಣ್ಣು ತಂದು ಕೂರಿಸುವಳು, ಮುನಿಸಿಕೊಂಡು ಊಟದ ಮನೆಯಲ್ಲೇ ಉಳಿದ ಸೋದರಮಾವನನ್ನು ಎಳೆತಂದು ಮಂಟಪದಲ್ಲಿ ನಿಲ್ಲಿಸುವಳು. ಲಂಗ ದಾವಣಿಯ ವಯಸ್ಸಿನಲ್ಲಿ ಫೋಟೋದ ಅಂಚು ಕತ್ತರಿಸಲು ಸೇರಿದವಳು, ಅವರಿವರ ಹೆಗಲ ಹಿಂದೆ ನಿಂತು ನೋಡಿ ನೋಡಿಯೇ ಇಷ್ಟೂ ಕಲಿತಿದ್ದಳು. ಆಲ್ಬಂನ ಕೊನೆಯ ಹಾಳೆಯಲ್ಲಿ ಬಂಗಾರದ ಅಕ್ಷರದಲ್ಲಿ ಇರುತ್ತಿದ್ದದ್ದು ಮಾತ್ರ ಯಜಮಾನರ ಹೆಸರು.

ಅವಳ ತಲೆಗೆ ಹುಳ ಬಿಟ್ಟವನು ಆರೋಕ್ಯಂ ಎಂಬ ಫೋಟೋಗ್ರಾಫರ್.

“ಅಕ್ಕಾ, ಮನೇಲೇ ಒಂದು ಕಂಪ್ಯೂಟರ್ ಇಟ್ಕೊಳ್ಳಿ. ನನ್ನ ಮದುವೆ ಎಲ್ಲಾ ನಿಮಗೇ ತರ್ತೀನಿ.”

“ಎಷ್ಟ್ ಮದುವೆ ಆಗ್ತೀಯೋ ಮಾರಾಯ? ನಿನ್ನ ಹೆಂಡ್ತಿಗೆ ಗೊತ್ತಾ?”

ನಗುತ್ತಲೇ ಹೇಳಿದಳು, ಆದರೆ ಮಾತು ಎದೆಯೊಳಗೆ ಕೂತುಬಿಟ್ಟಿತು. ಚೀಟಿ ಎತ್ತಿದಳು, ಕೆಲಸ ಬಿಟ್ಟಳು. ಯಜಮಾನರು ತಲೆಯೆತ್ತಿ ನೋಡಲೂ ಇಲ್ಲ. “ಹೋಗು. ತಿರುಗಿ ಬಂದ್ರೆ ಮಾತ್ರ ಚಪ್ಪಲಿ ಬಿಡೋ ಜಾಗದಿಂದ ಒಳಗೆ ಕಾಲಿಡಬೇಡ” ಎಂದರು. ಹಾಗೆ ಆ ಬಾಗಿಲು ಮುಚ್ಚಿತು. ಇನ್ನು ಅವಳ ಅನ್ನ ನಿಂತಿದ್ದು ಹೊಸ ಕಂಪ್ಯೂಟರಿನ ಮೇಲೆ.

ಕಂಪ್ಯೂಟರ್ ಎಂದರೆ ರಿಚ್ಚಿ ಸ್ಟ್ರೀಟ್, ರಿಚ್ಚಿ ಸ್ಟ್ರೀಟ್ ಎಂದರೆ ಅವಳ ಪಾಲಿಗೆ ಏಳುಮಲೈ. ಪುಳಿಯಂತೋಪಿನಲ್ಲಿ ಅವನ ಮನೆ, ಇವಳ ಮನೆ ಒಂದೇ ಗೋಡೆಯ ಆಚೆ ಈಚೆ. ಅವಳ ಸ್ವಂತ ಅಣ್ಣ ತೀರಿಕೊಂಡಾಗ ಚಟ್ಟಕ್ಕೆ ಹೆಗಲು ಕೊಟ್ಟು, “ಇನ್ಮೇಲೆ ನಾನೇ ನಿನ್ನ ಅಣ್ಣ” ಎಂದವನು. ಮೌಂಟ್ ರೋಡಿನಿಂದ ಒಳಗೆ ತಿರುಗಿದರೆ ಒಂದು ಮೆಟ್ಟಿಲ ಕೆಳಗೆ ಅವನದೊಂದು ಸ್ಟೂಲು. ಬಂದ ಗಿರಾಕಿಗಳನ್ನು ಅಂಗಡಿ ಅಂಗಡಿಗೆ ಕರೆದೊಯ್ದು ಸಾಮಾನು ಕೊಡಿಸುವುದು, ಜೋಡಿಸಿಕೊಡುವುದು, ಅಂಗಡಿಯವರಿಂದ ಕಮಿಷನ್ ಪಡೆಯುವುದು ಅವನ ದಂಧೆ. ಅವನ ಮಗಳು ದೊಡ್ಡವಳಾದಾಗ ಮಾಡಿದ ಅರಿಶಿನ ನೀರಿನ ಸಮಾರಂಭದ ಆಲ್ಬಂ ಮಾಡಿದ್ದು ಸೆಲ್ವಿಯೇ, ಬಿಡಿಕಾಸು ಮುಟ್ಟದೆ. ಆ ದಿನ ಏಳುಮಲೈ ಕುಡಿದು ಬಂದಿದ್ದ. ಕೆಂಪು ಕಣ್ಣು, ಜೋತ ತುಟಿ. ಮಗಳು ಮುಂದೊಂದು ದಿನ ನೋಡಿ ತಲೆ ತಗ್ಗಿಸಬಾರದೆಂದು ಸೆಲ್ವಿ ಹಾಳೆ ಹಾಳೆಯಲ್ಲೂ ಅವನ ಮುಖ ಒರೆಸಿ, ಕಣ್ಣು ಬೆಳ್ಳಗೆ ಮಾಡಿ, ಮರ್ಯಾದಸ್ಥ ಅಪ್ಪನನ್ನಾಗಿ ಕೂರಿಸಿದ್ದಳು.

“ಕಮಿಷನ್ ತಗೋ ಅಣ್ಣಾ, ನಿಂದೂ ಹೊಟ್ಟೆಪಾಡು” ಎಂದಳು ಅವಳೇ, ಕಂಪ್ಯೂಟರ್ ಕೊಡಿಸು ಎಂದು ಕೇಳಿಕೊಂಡ ದಿನ.

“ನಿನ್ನ ಸಾಮಾನಲ್ಲಿ ಕಮಿಷನ್ ತಗೊಂಡ್ರೆ ನನ್ನ ಕೈಗೆ ಹುಳ ಬೀಳ್ಲಿ ತಂಗಚ್ಚಿ” ಎಂದ.

ಅದು ಆಡಿ ತಿಂಗಳು. ಮದುವೆಗಳಿಲ್ಲ, ಅಂಗಡಿಗಳಲ್ಲೆಲ್ಲ ರಿಯಾಯಿತಿ. ಇಬ್ಬರೂ ಬೆಳಗಿನಿಂದ ಅಲೆದರು. ಹಣವೋ ಅಳತೆಯ ಬಟ್ಟೆ, ತಲೆಗೆಳೆದರೆ ಕಾಲಿಗಿಲ್ಲ. ಪ್ರೊಸೆಸರ್ ಹೋದ ವರ್ಷದ್ದು ಸಾಕೆಂದರು. ಫೋಟೋ ಕೆಲಸಕ್ಕೆ ರ‍್ಯಾಮ್ ಕಡಿಮೆ ಮಾಡುವ ಹಾಗಿಲ್ಲ, ಅದಕ್ಕೆ ಕೈ ಬಿಚ್ಚಿದರು. ಮಾನಿಟರ್ ಯಾವುದೋ ಆಫೀಸು ಹೊರಹಾಕಿದ್ದು, ಬಣ್ಣ ಮಾತ್ರ ನಿಯತ್ತಿನದು. ಸೆಲ್ವಿ ತನ್ನ ಕೆಂಪು ಸೀರೆಯ ಸೆರಗನ್ನು ಪಕ್ಕದಲ್ಲಿ ಹಿಡಿದು ಪರೀಕ್ಷಿಸಿಯೇ ಒಪ್ಪಿದಳು. ಕೊನೆಗೆ ಉಳಿದದ್ದು ಎರಡು: ಫೋಟೋಗಳ ಇನ್ನೊಂದು ಪ್ರತಿ ಇಡಲು ಎರಡನೇ ಡಿಸ್ಕು, ಮತ್ತು ಎಸ್‌ಎಂಪಿಎಸ್. ಗೋಡೆಯ ಕರೆಂಟನ್ನು ಒಳಗಿನ ಸಾಮಾನಿಗೆಲ್ಲ ಹದವಾಗಿ ಹಂಚುವ ಕಬ್ಬಿಣದ ಡಬ್ಬ ಅದು. ಎರಡಕ್ಕೂ ಆಗುವಷ್ಟು ದುಡ್ಡಿರಲಿಲ್ಲ.

“ಎರಡನೇ ಡಿಸ್ಕು ದೀಪಾವಳಿಗೆ ತಗೋ. ಯಾವುದ್ರಲ್ಲಿ ಬೇಕಾದ್ರೂ ಜಿಪುಣತನ ಮಾಡು, ಎಸ್‌ಎಂಪಿಎಸ್‌ನಲ್ಲಿ ಮಾತ್ರ ಬೇಡ. ಅದು ಕೆಟ್ರೆ ತಾನೊಂದೇ ಸಾಯಲ್ಲ, ಮನೆಮಂದೀನೆಲ್ಲ ಕರ್ಕೊಂಡು ಹೋಗುತ್ತೆ” ಎಂದ ಏಳುಮಲೈ.

ಆ ಬೀದಿಯಲ್ಲಿ ಈ ಡಬ್ಬದ ಮೇಲಿನ ಬರಹವನ್ನು ಯಾರೂ ನಂಬುವುದಿಲ್ಲ. ಸುವರ್ಣಗೆಡ್ಡೆ ಕೊಳ್ಳುವವರ ಹಾಗೆ ಅಂಗೈಯಲ್ಲಿಟ್ಟು ತೂಗುತ್ತಾರೆ. ಏಳುಮಲೈ ಅವಳ ಒಂದು ಕೈಗೆ ಒಂದು ಡಬ್ಬ, ಇನ್ನೊಂದು ಕೈಗೆ ಇನ್ನೊಂದು ಇಟ್ಟ.

“ಕಾಗದ ಸುಳ್ಳು ಹೇಳುತ್ತೆ, ಕೈ ಹೇಳಲ್ಲ. ಭಾರ ಇದ್ರೆ ಒಳಗೆ ತಾಮ್ರ ಇದೆ. ಹಗುರ ಇದ್ರೆ ಬರೀ ಗಾಳಿ. ಯಾವುದು ಭಾರ, ನೀನೇ ಹೇಳು.”

“ಇದು” ಎಂದು ಸೆಲ್ವಿ ಬಲಗೈ ಎತ್ತಿದಳು. ಬೆಲೆಯೂ ಅದರದೇ ಹೆಚ್ಚು. ಡಿಸ್ಕಿನ ಆಸೆ ಬಿಟ್ಟು ಅದನ್ನೇ ಕೊಂಡಳು. ಆಮೇಲೆ ಇಬ್ಬರೂ ಮೆಟ್ಟಿಲ ಕೆಳಗೆ ಕೂತು ಅವಳು ತಂದಿದ್ದ ನಿಂಬೆಹಣ್ಣಿನ ಚಿತ್ರಾನ್ನ ಹಂಚಿಕೊಂಡು ತಿಂದರು. ಅವನೇ ಎಲ್ಲ ಜೋಡಿಸಿಕೊಟ್ಟು, ಸ್ಕ್ರೂಡ್ರೈವರ್ ಹಿಡಿಯುವುದನ್ನೂ ಕಲಿಸಿಕೊಟ್ಟ.

ಆಡಿ ಕಳೆದು ಮದುವೆಗಳ ಆವಣಿ ತಿಂಗಳು ಬಂತು, ಆರೋಕ್ಯಂ ಮಾತಿನಂತೆ ಮೊದಲ ಮದುವೆ ತಂದ. ಫೋಟೋಗಳನ್ನು ಅವಳ ಕಂಪ್ಯೂಟರಿಗೆ ತುಂಬಿಸಿ, ಮರುದಿನದ ಇನ್ನೊಂದು ಮದುವೆಗೆಂದು ತನ್ನ ಕ್ಯಾಮೆರಾದ ಕಾರ್ಡುಗಳನ್ನೆಲ್ಲ ಅಳಿಸಿಕೊಂಡು ಹೋದ. ಸೆಲ್ವಿ ಕೊನೆಯ ಹಾಳೆಯನ್ನೇ ಮೊದಲು ಮಾಡಿದಳು, ಹುಚ್ಚಿ. ಅದರಲ್ಲಿ ತನ್ನ ಹೆಸರನ್ನು ಸಣ್ಣಗೆ, ನಾಚಿಕೆಯಿಂದ, ಬಂಗಾರದ ಬಣ್ಣದಲ್ಲಿ ಬರೆದಳು. ಆಲ್ಬಂ ಮುಕ್ಕಾಲು ಮುಗಿದ ಮಧ್ಯಾಹ್ನ ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಚಟ್ ಎಂದಿತು. ಸುಟ್ಟ ವಾಸನೆ ಅಡುಗೆಮನೆಯಲ್ಲಿದ್ದ ಅವಳ ತಾಯಿಗೂ ಬಡಿಯಿತು. ಬೋರ್ಡು ಸತ್ತಿತ್ತು, ಡಿಸ್ಕು ಸತ್ತಿತ್ತು. ರಿಪೇರಿಯವರು ನೋಡಿ ಕೈಚೆಲ್ಲಿದರು.

“ತಾಳಿ ಕಟ್ಟೋದನ್ನ ಇನ್ನೊಂದ್ಸಲ ಕಟ್ಸೋಕಾಗುತ್ತಾ ಅಕ್ಕಾ?” ಎಂದ ಆರೋಕ್ಯಂ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವನೂ ಆ ಮದುವೆ ಮನೆಯವರ ಮುಂದೆ ಹೋಗಿ ನಿಲ್ಲಬೇಕಿತ್ತು, ಮತ್ತೆ ಇವಳ ಬಾಗಿಲಿಗೆ ಬರುವವನಲ್ಲ ಎಂಬುದು ಅವನ ಮುಖದಲ್ಲೇ ಕಾಣುತ್ತಿತ್ತು.

ಅವನು ಹೋದ ಮೇಲೆ ಸೆಲ್ವಿ ಡಬ್ಬವನ್ನು ಬಿಚ್ಚಿದಳು. ಒಳಗೆ ಕಿರುಬೆರಳಿನಷ್ಟು ತಂತಿ, ನಾಲ್ಕು ಕರಕಲು ಬಿಲ್ಲೆ. ತಳದಲ್ಲಿ ಕಪ್ಪು ಟೇಪು ಸುತ್ತಿ ಅಂಟಿಸಿದ್ದ ಒಂದು ಉಂಡೆ. ಟೇಪು ಸುಲಿದರೆ ಸಿಮೆಂಟು. ಮನೆ ಕಟ್ಟುವ ಸಿಮೆಂಟು. ಅದನ್ನು ಅಂಗೈಯಲ್ಲಿಟ್ಟು ತೂಗಿದಳು.

ಆಗಲೂ ಅವಳಿಗೆ ಮೊದಲು ಬಂದ ಯೋಚನೆ ಏನು ಗೊತ್ತೇ? ಪಾಪ, ಅಣ್ಣನಿಗೂ ಯಾರೋ ಟೋಪಿ ಹಾಕಿದ್ದಾರೆ, ಇನ್ನೂ ಎಷ್ಟು ಜನಕ್ಕೆ ಇದನ್ನು ಕೊಡಿಸಿ ಹೆಸರು ಕೆಡಿಸಿಕೊಳ್ಳುತ್ತಾನೋ, ಹೋಗಿ ಹೇಳಬೇಕು. ತನ್ನ ಅನ್ನಕ್ಕೇ ಕಲ್ಲು ಬಿದ್ದಿದ್ದರೂ ಅವಳು ಅವನ ಮಾನದ ಚಿಂತೆ ಮಾಡಿದಳು. ಉಂಡೆಯನ್ನು ದಿನಪತ್ರಿಕೆಯಲ್ಲಿ ಸುತ್ತಿ, ದಾರ ಕಟ್ಟಿ, ಬಸ್ಸು ಹತ್ತಿದಳು.

ಏಳುಮಲೈ ಸ್ಟೂಲಿನ ಮೇಲೆ ಕೂತು ರೋಸ್ ಮಿಲ್ಕ್ ಕುಡಿಯುತ್ತಿದ್ದ. ಕಂಪ್ಯೂಟರ್ ಸುಟ್ಟ ಸಂಗತಿ ಅವನಿಗಿನ್ನೂ ಯಾರೂ ಹೇಳಿರಲಿಲ್ಲ.

“ಬಾ ತಂಗಚ್ಚಿ, ಏನು ಈ ಕಡೆ?”

“ಇದನ್ನ ಸ್ವಲ್ಪ ನೋಡು ಅಣ್ಣಾ” ಎಂದು ಪೊಟ್ಟಣ ಕೊಟ್ಟಳು.

ಅವನು ತೆಗೆದುಕೊಂಡ. ಆ ಬೀದಿಯ ಚಾಳಿ, ಕೈ ತಾನಾಗಿ ಒಮ್ಮೆ ಮೇಲೆ ಕೆಳಗೆ ಆಡಿ ತೂಗಿತು. ಲೋಟ ಕೆಳಗಿಟ್ಟ.

“ಅದನ್ನ ಯಾಕ್ ಬಿಚ್ಚಿದೆ? ಬಿಚ್ಚಿದ್ರೆ ವಾರಂಟಿ ಹೋಗುತ್ತೆ ಅಂತ ಹೇಳಿರ್ಲಿಲ್ವಾ?”

ಸೆಲ್ವಿ ಪೊಟ್ಟಣವನ್ನೇ ನೋಡಿದಳು. ಅವಳು ಹಾಕಿದ ಗಂಟು ಹಾಗೇ ಇತ್ತು.

“ದಾರ ಇನ್ನೂ ಬಿಚ್ಚಿಲ್ಲ ಅಣ್ಣಾ” ಎಂದಳು. “ಒಳಗೆ ಏನಿದೆ ಅಂತ ನಿಂಗೆ ಹೆಂಗೆ ಗೊತ್ತಾಯ್ತು?”

ಏಳುಮಲೈ ಎದುರಿನ ಅಂಗಡಿಯ ಬೋರ್ಡನ್ನು ಹೊಸದಾಗಿ ಕಂಡವನಂತೆ ನೋಡತೊಡಗಿದ.

“ಎಲ್ರಿಗೂ ಹಿಂಗೇ ಮಾಡ್ತೀಯಾ? ಇಲ್ಲಾಂದ್ರೆ ನಾನು ಅಂತ ಮಾಡಿದ್ಯಾ?”

“ನೀನಾದ್ರೆ ಜಗಳಕ್ಕೆ ಬರಲ್ಲ ಅನ್ಕೊಂಡೆ” ಎಂದ ಅವನು, ಮೆಲ್ಲಗೆ.

ಅವಳಿಗೆ ಕೂಗಬೇಕೆನಿಸಿತು, ಕೂಗಲಿಲ್ಲ. ಅವನು ಹೇಳಿದ್ದು ನಿಜವಾಗಿತ್ತು, ಅದೇ ಹೆಚ್ಚು ಉರಿಯಿತು.

“ನಿನ್ನ ಮಗಳ ಆಲ್ಬಂನಲ್ಲಿ ನಿನ್ನ ಮುಖ ಒರೆಸಿದ್ನಲ್ಲ, ಅದು ನನ್ನ ತಪ್ಪು” ಎಂದು, ಪೊಟ್ಟಣವನ್ನು ಅವನ ಕೈಯಲ್ಲೇ ಬಿಟ್ಟು, ಸೆಲ್ವಿ ಬಸ್ ಸ್ಟ್ಯಾಂಡಿನ ಕಡೆ ನಡೆದಳು.