ಮೆಂತ್ಯದ ವಾಸನೆ ಅಂದುಕೊಂಡದ್ದು

ಅಕ್ಕೋರಿಗಿಂತ ಮುಂಚೆ ಅವರ ಮೂಗು ಬರುತ್ತಿತ್ತು. ಉದ್ದನೆಯ, ತುದಿಯಲ್ಲಿ ಸ್ವಲ್ಪ ಬಾಗಿದ ಮೂಗು. ಎರಡೂ ಕಡೆ ಚುಚ್ಚಿಸಿದ್ದರೂ ಬಲಗಡೆ ಮಾತ್ರ ಬಿಳಿ ಹರಳಿನ ಮೂಗುಬೊಟ್ಟು. ಎಡಗಡೆಯದು ಯಾವಾಗಲೋ ಬಚ್ಚಲಲ್ಲಿ ಕಳೆದುಹೋಗಿತ್ತು, ಮತ್ತೊಂದು ಹಾಕಿಸಿಕೊಳ್ಳುವ ಗೋಜಿಗೆ ಅವರು ಹೋಗಿರಲಿಲ್ಲ. ತರಗತಿಯ ಬಾಗಿಲಲ್ಲಿ ನಿಂತು ಹೊಳ್ಳೆ ಅರಳಿಸಿ ಒಮ್ಮೆ ಗಾಳಿ ಎಳೆದುಕೊಂಡರೆಂದರೆ ಯಾರ ಚೀಲದಲ್ಲಿ ಹುಣಸೆಹಣ್ಣಿದೆ, ಯಾರು ಸ್ನಾನ ಮಾಡದೆ ಬಂದಿದ್ದಾರೆ, ಎಲ್ಲ ಅವರಿಗೆ ತಿಳಿದುಹೋಗುತ್ತಿತ್ತು. ನಮಗೆ ಅವರ ಕೋಲಿಗಿಂತ ಆ ಮೂಗಿನ ಹೆದರಿಕೆಯೇ ಹೆಚ್ಚು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರನ್ನು ಅಕ್ಕೋರು ಅನ್ನುತ್ತೇವೆ. ಈಚೆಗೆ ಬಂದವರೆಲ್ಲ ಮಿಸ್ಸು, ಮೇಡಮ್ಮು ಆದರು. ಕೊಟ್ಟೂರಿನ ನಮ್ಮ ಓಣಿಯಲ್ಲಿ ಇವರೊಬ್ಬರು ಮಾತ್ರ ಕೊನೆಯವರೆಗೂ ಅಕ್ಕೋರಾಗಿಯೇ ಉಳಿದರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ, ತಮ್ಮನ ಸಂಸಾರದ ಜೊತೆ ನಮ್ಮ ಎದುರು ಮನೆಯಲ್ಲಿದ್ದರು. ಮಧ್ಯಾಹ್ನ ನಮ್ಮ ಡಬ್ಬಿಗಳ ಮೇಲೆ ಬಗ್ಗಿ ಮೂಸುವುದು ಅವರ ನಿತ್ಯದ ಕೆಲಸ. ರೊಟ್ಟಿಯ ಜೊತೆ ಬರೀ ಕೆಂಪು ಖಾರ ಕಂಡರೆ ಮುಖ ಗಂಟಿಕ್ಕುತ್ತಿದ್ದರು. ಜೋಳದಲ್ಲಿ ಲೈಸಿನ್ ಅನ್ನುವ ಒಂದು ಅಮೈನೋ ಆಮ್ಲ ಕಡಿಮೆ, ಅದು ಬೇಳೆಕಾಳಿನಲ್ಲಿದೆ, ಎರಡನ್ನೂ ಕೂಡಿಸಿ ತಿಂದರೇ ಮೈಗೆ ಹತ್ತುವುದು ಎಂದು ಹೇಳಿ ಹೇಳಿ ನಮ್ಮ ತಲೆ ತಿಂದಿದ್ದರು. ನಾಳೆ ಹೆಸರುಕಾಳು ತರದಿದ್ದರೆ ಹೊರಗೆ ನಿಲ್ಲಿಸುತ್ತೇನೆ ಅನ್ನುತ್ತಿದ್ದರು. ನಿಲ್ಲಿಸುತ್ತಲೂ ಇದ್ದರು.

ಪ್ರೋಟೀನಿನ ಪಾಠವನ್ನು ಅವರು ಹಲಗೆಯ ಮೇಲೆ ಮಾಡಲಿಲ್ಲ. ಅಂಗಳದ ನಲ್ಲಿಯ ಹತ್ತಿರ ನಮ್ಮನ್ನು ಕೈ ಕೈ ಹಿಡಿಸಿ ಉದ್ದಕ್ಕೆ ನಿಲ್ಲಿಸಿದರು. ಒಬ್ಬೊಬ್ಬರೂ ಒಂದೊಂದು ಅಮೈನೋ ಆಮ್ಲ. ಎಲ್ಲರಿಗಿಂತ ಗಿಡ್ಡಗಿದ್ದವಳು ಗ್ಲೈಸಿನ್, ಎಂಥ ಸಂದಿಯಲ್ಲೂ ತೂರಿಕೊಳ್ಳುವವಳು. ಹೇಳಿದ ಕಡೆ ಬಗ್ಗಲು ಒಲ್ಲದ ಹುಡುಗನೊಬ್ಬ ಪ್ರೋಲಿನ್, ಅವನಿರುವಲ್ಲಿ ಸಾಲು ಸೊಟ್ಟ ತಿರುಗಲೇಬೇಕು. ದೂರ ದೂರ ನಿಂತಿದ್ದ ಇಬ್ಬರು ಗೆಳತಿಯರು ಸಿಸ್ಟೀನ್. ಹತ್ತಿರ ಬಂದ ಕೂಡಲೇ ಅವರ ಓಢಣಿಗಳ ತುದಿಗೆ ಗಂಟು ಹಾಕಿ ಸಾಲನ್ನು ಬಿಗಿ ಮಾಡಿದರು. ನನ್ನನ್ನೂ ಇನ್ನಿಬ್ಬರನ್ನೂ ಮೊಣಕೈ ಅಗಲಿಸಿ ಕವಲಿನ ಹಾಗೆ ನಿಲ್ಲಲು ಹೇಳಿದರು. ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್. ನಾನು ವ್ಯಾಲಿನ್. ಈ ಮೂರಕ್ಕೂ ನೀರೆಂದರೆ ಆಗದು ಎನ್ನುತ್ತ ನಲ್ಲಿಯ ನೀರನ್ನು ನಮ್ಮ ಮೇಲೆ ಎರಚಿಯೇಬಿಟ್ಟರು. ನಾವು ಕಿರುಚುತ್ತ ಒಳಗೆ ನುಗ್ಗಿದೆವು, ನೀರು ಇಷ್ಟಪಡುವವರು ಹೊರಸುತ್ತಿಗೆ ಉಳಿದರು, ಸಾಲು ತಾನಾಗಿ ಉಂಡೆಯಾಗಿ ಸುತ್ತಿಕೊಂಡಿತು. ಪ್ರೋಟೀನು ಮಡಚಿಕೊಳ್ಳುವುದು ಹೀಗೆ, ಯಾರು ಎಲ್ಲಿರಬೇಕೋ ಅಲ್ಲೇ ಇರಬೇಕು ಅಂದರು. ಲಂಗ ತೊಯ್ಯಿಸಿಕೊಂಡು ಮನೆಗೆ ಹೋಗಿ ಅವ್ವನ ಹತ್ತಿರ ಸರಿಯಾಗಿ ಬೈಸಿಕೊಂಡೆ.

ಓದು ಮುಗಿದ ಮೇಲೆ ನನ್ನನ್ನು ಅವ್ವನ ಖಾಸಾ ತಮ್ಮನಿಗೇ ಕೊಟ್ಟರು. ಕಾನಹೊಸಹಳ್ಳಿಯಲ್ಲಿ ಬಟ್ಟೆ ಅಂಗಡಿ ಇತ್ತು, ನೋಡಿ ಬೆಳೆದ ಹುಡುಗ, ಹೊರಗಿನವರಿಗೆ ಯಾಕೆ ಕೊಡಬೇಕು ಎಂಬ ಲೆಕ್ಕ. ರಕ್ತ ಸಂಬಂಧದಲ್ಲಿ ಬೇಡ ಎಂದು ಅಕ್ಕೋರು ಒಂದು ಮಾತು ಹೇಳಿ ನೋಡಿದ್ದರಂತೆ. ಅವ್ವ ಅವರಿಗೆ ಚಹಾ ಕೊಟ್ಟು ಕಳಿಸಿದ್ದಳು.

ಮೊದಲನೆಯದು ಗಂಡು. ತವರಿಗೆ ಬಂದು ಹಡೆದೆ. ಹುಟ್ಟಿದಾಗ ಗುಂಡುಗುಂಡಗಿದ್ದ ಕೂಸು ಮೂರ್ನಾಲ್ಕು ದಿನಕ್ಕೆ ಹಾಲು ಎಳೆಯುವುದನ್ನು ಬಿಟ್ಟಿತು, ಮಂಕಾಯಿತು, ಆಮೇಲೆ ಬಿಲ್ಲಿನ ಹಾಗೆ ಹಿಂದಕ್ಕೆ ಸೆಟೆದುಕೊಳ್ಳತೊಡಗಿತು. ಆಸ್ಪತ್ರೆಯವರು ನಂಜು ಅಂದರು. ಬಂದವರು ಬಾಲಗ್ರಹ ಅಂದರು. ಹತ್ತು ಹನ್ನೆರಡು ದಿನ ನನ್ನ ಜೊತೆಗಿದ್ದು ಅದು ಹೋಯಿತು. ಅದಕ್ಕೆ ಹೆಸರಿಟ್ಟಿರಲಿಲ್ಲ, ಯಾರೂ ಅದರ ಫೋಟೋ ತೆಗೆದಿರಲಿಲ್ಲ. ಆ ದುಃಖವನ್ನು ನಾನು ಇಲ್ಲಿ ಬಿಡಿಸಿ ಹೇಳಲಾರೆ.

ಎರಡನೆಯ ಸಲ ಬಸುರಿಯಾದಾಗ ಅಕ್ಕನೂ ಬಸುರಿ. ಅವಳನ್ನು ಹಡಗಲಿ ಕಡೆಯ ಹೊರಗಿನ ಸಂಬಂಧಕ್ಕೆ ಕೊಟ್ಟಿದ್ದರು. ಇಬ್ಬರೂ ಒಂದೇ ಸಮಯಕ್ಕೆ ತವರಿಗೆ ಬಂದೆವು. ಅವಳು ನನಗಿಂತ ಸ್ವಲ್ಪ ಮೊದಲು ಗಂಡು ಹಡೆದಳು, ನಾನು ಹೆಣ್ಣು ಹಡೆದೆ. ಒಂದೇ ಕೋಣೆಯಲ್ಲಿ ಎರಡು ಹೊರಸು, ಎರಡು ತೊಟ್ಟಿಲು. ಅವ್ವ ದೊಡ್ಡ ಸ್ಟೀಲ್ ಡಬ್ಬಿಯ ತುಂಬ ಮೆಂತ್ಯದ ಉಂಡೆ ಕಟ್ಟಿಟ್ಟಿದ್ದಳು. ಬಾಣಂತಿಗೆ ಮೆಂತ್ಯ, ಬೆಲ್ಲ, ತುಪ್ಪ ಸೇರಿಸಿದ ಉಂಡೆ ಬೆಳಿಗ್ಗೆಗೊಂದು ಸಂಜೆಗೊಂದು ಕೊಡುವುದು ನಮ್ಮಲ್ಲಿ ತಪ್ಪದ ನೇಮ. ಹಾಲಿಳಿಯುತ್ತದೆ, ಸೊಂಟ ಗಟ್ಟಿಯಾಗುತ್ತದೆ. ತಾಯಿಯ ಬೆವರಿಗೂ ಕೂಸಿನ ಉಚ್ಚೆಗೂ ಅದರ ವಾಸನೆ ಬರುತ್ತದೆಂಬುದು ಎಲ್ಲರಿಗೂ ಗೊತ್ತು. ಹಾಗಾಗಿ ನನ್ನ ಕೂಸಿನ ಒದ್ದೆ ಬಟ್ಟೆಯಿಂದ ಕರಕಲು ಬೆಲ್ಲದಂಥ ವಾಸನೆ ಬಂದಾಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕೂಸಿಗೆ ನೀರು ಎರೆದ ಮೇಲೆ ಹಾಕುವ ಲೋಬಾನದ ಹೊಗೆಯಲ್ಲಿ ಅದೂ ಬೆರೆತುಹೋಗುತ್ತಿತ್ತು.

ಈ ಕೂಸೂ ಹಾಲು ಎಳೆಯುವುದನ್ನು ಬಿಡತೊಡಗಿತು, ಮಂಕಾಯಿತು. ನನಗೆ ಈ ದಾರಿ ಗೊತ್ತಿತ್ತು. ಅವ್ವ ದೃಷ್ಟಿ ತೆಗೆದಳು. ಗಂಡ ಗುಡೇಕೋಟೆ ಕಡೆ ಯಾರೋ ಔಷಧಿ ಕೊಡುತ್ತಾರೆಂದು ಹೊರಟುಹೋದ. ಅಷ್ಟರಲ್ಲಿ ಅಕ್ಕೋರು ಕೂಸು ನೋಡಲು ಬಂದರು. ಕೋಣೆಯ ಬಾಗಿಲಲ್ಲೇ ನಿಂತರು. ಹೊಳ್ಳೆ ಅರಳಿತು. ಮೂಲೆಯ ಬುಟ್ಟಿಯಿಂದ ನನ್ನ ಕೂಸಿನ ಬಟ್ಟೆ ಎತ್ತಿ ಮೂಸಿದರು. ಮೆಂತ್ಯದ ಉಂಡೆ ತಿನ್ನುತ್ತಾಳಲ್ಲ, ಅದಕ್ಕೇ ಎಂದಳು ಅವ್ವ. ಅಕ್ಕೋರು ಅಕ್ಕನ ಕಡೆ ತಿರುಗಿ ಅವಳೂ ತಿನ್ನುತ್ತಾಳೇನು ಎಂದು ಕೇಳಿದರು. ಇಬ್ಬರಿಗೂ ಒಂದೇ ಡಬ್ಬಿ ಎಂದಳು ಅವ್ವ. ಅಕ್ಕೋರು ಅಕ್ಕನ ಕೂಸಿನ ಕೆಳಗಿನ ಬಟ್ಟೆ ಎಳೆದು ಅದನ್ನೂ ಮೂಸಿದರು. ಮತ್ತೆ ಇದು, ಮತ್ತೆ ಅದು. ನಮಗೆ ಅಸಹ್ಯವೇ ಆಯಿತು.

"ಒಂದ ಡಬ್ಬಿ ಉಂಡಿ ಇಬ್ಬರೂ ತಿಂತೀರಿ," ಅಂದರು. "ಆ ಕೂಸಿನ ಬಟ್ಟಿ ನಾರಂಗಿಲ್ಲ. ಇದರದು ಯಾಕ ನಾರತೈತಿ? ಇದು ಮೆಂತ್ಯ ಅಲ್ಲವ್ವ."

ಅಲ್ಲೇ ನಿಂತು ಫೋನು ಹಚ್ಚಿದರು. ಅವರ ಹಳೆಯ ವಿದ್ಯಾರ್ಥಿಯೊಬ್ಬ ದಾವಣಗೆರೆಯಲ್ಲಿ ಮಕ್ಕಳ ಡಾಕ್ಟರು. ಅವರಿಗೆ ವಾಸನೆ, ಮಂಕು, ಸೋದರಮಾವನ ಜೊತೆಗಿನ ಮದುವೆ, ಹೋದ ಕೂಸು, ಎಲ್ಲ ಒಂದೇ ಉಸಿರಿಗೆ ಹೇಳಿದರು. ಆ ಕಡೆಯಿಂದ ಡಾಕ್ಟರು ಹೇಳಿದ್ದನ್ನು ಕೇಳಿಸಿಕೊಂಡು ನನ್ನತ್ತ ತಿರುಗಿದರು. ನಾನು ಆಗಲೇ ಕೂಸನ್ನು ಎದೆಗೆ ಹಚ್ಚಿಕೊಂಡಿದ್ದೆ.

"ಬಿಡಿಸು. ಹಾಲು ಕುಡಿಸಬ್ಯಾಡ."

ಬಾಣಂತಿಗೆ, ಅದೂ ಒಂದನ್ನು ಕಳೆದುಕೊಂಡವಳಿಗೆ ಹೇಳುವ ಮಾತೇ ಅದು? ಅವ್ವ ಅವರ ಮೇಲೆ ಹರಿಹಾಯ್ದಳು. ತಾಯಿಯ ಹಾಲು ಬೇಡವೆಂದು ಯಾವ ಶಾಸ್ತ್ರದಲ್ಲಿದೆ ಎಂದು ಕೂಗಾಡಿದಳು. ಅಕ್ಕೋರು ಜಗಳಕ್ಕೆ ನಿಲ್ಲದೆ ದಾವಣಗೆರೆಗೆ ಹೋಗಲು ಬಾಡಿಗೆ ಕಾರು ತರಿಸಿದರು, ಮೆಡಿಕಲ್ ಶಾಪಿನಿಂದ ಗ್ಲೂಕೋಸ್ ತರಿಸಿದರು, ನನ್ನ ಕೈಯಿಂದ ಕೂಸನ್ನು ತೆಗೆದುಕೊಂಡು ತಾವೇ ಹಿಂದಿನ ಸೀಟಿನಲ್ಲಿ ನನ್ನ, ಅವ್ವನ ನಡುವೆ ಕೂತರು. ನಾನು ಎತ್ತಿಕೊಂಡರೆ ಕುಡಿಸಿಬಿಡುತ್ತೇನೆಂದು ಅವರಿಗೆ ಗೊತ್ತಿತ್ತು. ಕುಡಿಸಿಯೇಬಿಡುತ್ತಿದ್ದೆ.

ಹರಪನಹಳ್ಳಿಯ ದಾರಿ ಅಷ್ಟು ಉದ್ದವಿದೆಯೆಂದು ಅವತ್ತೇ ನನಗೆ ಗೊತ್ತಾದದ್ದು. ಅಕ್ಕೋರು ಚಮಚದ ತುದಿಯಿಂದ ಗ್ಲೂಕೋಸ್ ನೀರನ್ನು ಹನಿ ಹನಿಯಾಗಿ ಕೂಸಿನ ಬಾಯಿಗೆ ಬಿಡುತ್ತಿದ್ದರು. ಅರ್ಧ ಕಟವಾಯಿಯಿಂದ ಹೊರಗೇ ಬರುತ್ತಿತ್ತು. ಅದರ ಕಾಲುಗಳು ಸೈಕಲ್ ತುಳಿದಂತೆ ಆಡಿ ಸುಮ್ಮನಾಗುತ್ತಿದ್ದವು. ನನ್ನ ಕುಪ್ಪಸ ಹಾಲಿನಿಂದ ತೊಯ್ದು ಸೆರಗಿಗೂ ಇಳಿದಿತ್ತು. ಹರಪನಹಳ್ಳಿಯ ಹತ್ತಿರ ರೈಲು ಗೇಟು ಹಾಕಿಬಿಟ್ಟಿದ್ದರು. ಅಪರೂಪಕ್ಕೆ ಬರುವ ಆ ರೈಲು ಆಗಲೇ ಬರಬೇಕಿತ್ತೆ? ನಿಂತ ಕಾರಿನಲ್ಲಿ ಸೆಕೆಯ ಜೊತೆ ಆ ಕರಕಲು ವಾಸನೆಯೂ ತುಂಬಿಕೊಂಡಿತು. ಕೂಸು ಒಮ್ಮೆ ಕ್ಷೀಣವಾಗಿ ಅತ್ತು ನನ್ನ ಕಡೆ ಬಾಯಿ ತಿರುಗಿಸಿತು. ಒಂದೇ ಗುಟುಕು ಕುಡಿಸಲಿ ಎಂದು ಅವ್ವ ಕೈ ಮುಗಿದು ಬೇಡಿದಳು. ಅಕ್ಕೋರು ಕೂಸನ್ನು ಇನ್ನೂ ಬಿಗಿಯಾಗಿ ಅವಚಿಕೊಂಡರು.

"ನೀವು ಹಡದಿಲ್ರಿ ಅಕ್ಕೋರೆ," ಅಂದಳು ಅವ್ವ. "ಹಡದಿದ್ರ ಗೊತ್ತಾಗತಿತ್ತು."

ಅಕ್ಕೋರು ಚಮಚವನ್ನು ಲೋಟದಲ್ಲಿಟ್ಟರು.

"ಹೌದವ್ವ, ಹಡದಿಲ್ಲ. ಆದ್ರ ಆ ಮೊದಲನೇ ಕೂಸಿನ ಬಟ್ಟಿ ಮೂಸಿದ್ದೆ ನಾನು. ಅದಕ್ಕೂ ಇದ ವಾಸನಿ. ಮೆಂತ್ಯ ಇರಬೇಕು ಅಂತ ಮನಿಗೆ ಹೋಗಿ ಉಂಡು ಮಲಗಿದೆ. ಪಾಠ ಮಾಡಾಕಿ ನಾನು. ಇದೊಂದು ನನ್ನ ಕೈಯಾಗ ಇರಲಿ, ಕಸಗೋಬ್ಯಾಡ."

ಅವ್ವ ಮುಖಕ್ಕೆ ಸೆರಗು ಹಾಕಿಕೊಂಡಳು. ಗೇಟು ಎದ್ದಿತು.

ಆಸ್ಪತ್ರೆಯಲ್ಲಿ ಆ ಡಾಕ್ಟರು ಬಟ್ಟೆ ಮೂಸಿದರು, ರಕ್ತ ತೆಗೆದು ಬೆಂಗಳೂರಿಗೆ ಕಳಿಸಿದರು, ಉತ್ತರಕ್ಕೆ ಕಾಯದೆ ಡ್ರಿಪ್ ಹಾಕಿದರು. ಉತ್ತರ ಬರುವವರೆಗೆ ಅಕ್ಕೋರು ಗಾಜಿನ ಬಾಗಿಲಿನ ಹೊರಗಿನ ಬೆಂಚು ಬಿಟ್ಟು ಏಳಲಿಲ್ಲ. ಡಾಕ್ಟರ ಅನುಮಾನ ಏನೆಂದು ಅಲ್ಲೇ ಅವ್ವನಿಗೆ ಬಿಡಿಸಿ ಹೇಳಿದರಂತೆ. ಹಾಲಿನ ಪ್ರೋಟೀನೂ ಅಮೈನೋ ಆಮ್ಲಗಳ ಸರಪಳಿಯೇ. ಮೈ ಅದನ್ನು ಬಿಡಿಬಿಡಿ ಮಾಡಿ ಬೇಕಾದಷ್ಟನ್ನು ಕಟ್ಟಿಕೊಂಡು ಮಿಕ್ಕದ್ದನ್ನು ಕತ್ತರಿಸಿ ಉರಿಸುತ್ತದೆ. ನಾವು ಅಂಗಳದಲ್ಲಿ ಕವಲಾಗಿ ನಿಂತಿದ್ದೆವಲ್ಲ, ಆ ಮೂರನ್ನು ಕತ್ತರಿಸುವ ಕತ್ತರಿ ಈ ಕೂಸಿನ ಮೈಯಲ್ಲಿಲ್ಲ, ತಾಯಿಯಿಂದಲೂ ತಂದೆಯಿಂದಲೂ ಮುರುಕು ಕತ್ತರಿಯೇ ಬಂದಿದೆ. ಉಳಿದದ್ದು ರಕ್ತದಲ್ಲಿ ತುಂಬಿ ಮಿದುಳಿಗೆ ಏರುತ್ತದೆ, ಆ ವಾಸನೆ ಅದರದ್ದು. ಹಾಗಂತ ಆ ಮೂರನ್ನೂ ಪೂರಾ ಬಿಡುವಂತಿಲ್ಲ, ಮೈ ಅವನ್ನು ತಾನೇ ತಯಾರಿಸಿಕೊಳ್ಳಲಾರದು, ಅವಿಲ್ಲದೆ ಮಾಂಸ ಕಟ್ಟುವುದಿಲ್ಲ. ಹೆಚ್ಚಾದರೂ ಸಾವು, ಇಲ್ಲವಾದರೂ ಸಾವು. ಅವ್ವ ಎಷ್ಟು ತಿಳಿದುಕೊಂಡಳೋ ಕಾಣೆ. ಆದರೆ ಮರುದಿನದಿಂದ ಅಕ್ಕೋರಿಗೆ ಅವಳೇ ಊಟ ತಂದುಕೊಟ್ಟಳು.

ಬೆಂಗಳೂರಿನ ಉತ್ತರವೂ ಅದನ್ನೇ ಹೇಳಿತು. ನನ್ನ ಮಗಳು ಉಳಿದಳು. ಡಾಕ್ಟರು ಬರೆದುಕೊಟ್ಟ, ಆ ಮೂರೂ ಇಲ್ಲದ ಪುಡಿಯೇ ಅವಳಿಗೆ ಹಾಲು. ಅನ್ನವನ್ನೂ ತಕ್ಕಡಿಯಲ್ಲಿಟ್ಟು ಬಡಿಸಬೇಕು. ನಡೆದದ್ದು ತಡವಾಗಿ, ಮಾತು ಇನ್ನೂ ತಡವಾಗಿ. ಅಕ್ಕೋರ ಕಣ್ಣೆದುರಿಗಿರಲೆಂದು ನಾವು ತವರಿನಲ್ಲೇ ಉಳಿದೆವು. ಇಡೀ ಊರಿಗೆ ಬೇಳೆಕಾಳು ತಿನ್ನಿರೆಂದು ಬೊಬ್ಬೆ ಹೊಡೆದ ಅಕ್ಕೋರೇ ಈ ಒಂದು ಹುಡುಗಿಯ ಕೈಯಿಂದ ಶೇಂಗಾ ಕಸಿದುಕೊಳ್ಳುತ್ತ ತಿರುಗಿದರು. ಪಂಚಮಿಗೆ ಓಣಿಯ ಮನೆಮನೆಗೂ ಹೋಗಿ, ಈ ಹುಡುಗಿಗೆ ಉಂಡೆ ಕೊಟ್ಟವರ ಮನೆ ಹೊಸ್ತಿಲು ತುಳಿಯುವುದಿಲ್ಲ ಎಂದು ಹೆದರಿಸಿ ಬರುತ್ತಿದ್ದರು. ಜನ ಬೈದುಕೊಂಡರೂ ಕೊಡಲಿಲ್ಲ. ನನಗೂ ಅವರ ಕಾಟ ತಪ್ಪಲಿಲ್ಲ. ತಕ್ಕಡಿಯ ಮುಳ್ಳು ನಿಲ್ಲುವ ಮೊದಲು ಬಡಿಸಿದರೆ ಎಲ್ಲರೆದುರು ಗದರುತ್ತಿದ್ದರು. ಅವರ ಮೇಲೆ ನನಗೆ ಎಷ್ಟೋ ಸಲ ಸಿಟ್ಟು ಬಂದಿದೆ. ಅವರಷ್ಟು ಯಾರನ್ನೂ ನಂಬಿಯೂ ಇಲ್ಲ.

ಹೋದ ವರ್ಷ ಅಕ್ಕೋರು ತೀರಿಕೊಂಡರು. ಬೆಳಿಗ್ಗೆ ಪೂಜೆಗೆ ಕೂತವರು ಏಳಲಿಲ್ಲ. ನಮ್ಮ ಪದ್ಧತಿಯಂತೆ ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂಡಿಸಿದ್ದರು. ಹಿರೇಹಡಗಲಿಯಿಂದ ಅವರ ತಂಗಿ ಬರುವುದು ತಡವಾಯಿತು. ಮಣ್ಣಾಗುವ ತನಕ ಓಣಿಯಲ್ಲಿ ಯಾರೂ ಒಲೆ ಹಚ್ಚುವುದಿಲ್ಲ, ಹತ್ತಿರದವರು ಉಣ್ಣುವುದಿಲ್ಲ. ಮಗಳು ಅವರ ಎದುರಿನ ಚಾಪೆ ಬಿಟ್ಟು ಏಳಲಿಲ್ಲ, ಪುಡಿಯನ್ನೂ ಮುಟ್ಟಲಿಲ್ಲ. ಹೊತ್ತು ಏರಿತು. ಅವಳು ಹಸಿದಿರಬಾರದು. ಹಸಿದರೆ ಮೈ ತನ್ನ ಮಾಂಸವನ್ನೇ ಬಿಚ್ಚಿ ತಿನ್ನುತ್ತದೆ, ಅದರಲ್ಲೂ ಆ ಮೂರು ಇವೆ, ಹೊರಗಿನಿಂದ ಏನೂ ತಿನ್ನದಿದ್ದರೂ ವಿಷ ಏರುತ್ತದೆ. ಮಧ್ಯಾಹ್ನದ ಹೊತ್ತಿಗೆ ಅವಳ ಕಣ್ಣು ಮಂಕಾಗುತ್ತಿದ್ದದ್ದು ನನಗೆ ಕಂಡಿತು. ಕೂಡಿದ್ದ ಹಿರಿಯರನ್ನು ನೋಡಿದೆ. ಸತ್ತವರ ಮುಂದೆ ಉಣ್ಣಿಸುವ ಮಾತು ಹೇಗೆ ಎತ್ತುವುದು? ಎಬ್ಬಿಸಲು ಹೋದರೆ ಮಗಳು ಚಾಪೆಗೆ ಕಚ್ಚಿಕೊಂಡಳು.

ಅವ್ವ ಎದ್ದು ಹೋದದ್ದನ್ನು ನಾನು ಗಮನಿಸಿರಲಿಲ್ಲ. ನಮ್ಮ ಮನೆಯ ಕಿಟಕಿಯಿಂದ ಹೊಗೆ ಕಂಡು ಯಾರೋ ಒಲೆ ಹಚ್ಚಿದ್ದಾರೆಂದು ಗುಸುಗುಸು ಎದ್ದಿತು. ಸ್ವಲ್ಪ ಹೊತ್ತಿಗೆ ಅವ್ವ ಪ್ರೋಟೀನು ಅಷ್ಟಾಗಿ ಇಲ್ಲದ ಸಬ್ಬಕ್ಕಿ ಗಂಜಿಯ ಬಟ್ಟಲು ಹಿಡಿದು ಎಲ್ಲರ ನಡುವೆ ಬಂದಳು. ಒಬ್ಬ ಹಿರಿಯರು ಏನಿದು ಅನಾಚಾರ ಎಂದು ಕೇಳಿಯೇಬಿಟ್ಟರು. ಅವ್ವ ಅವರತ್ತ ನೋಡಲಿಲ್ಲ. ಅಕ್ಕೋರ ಎದುರಿಗೆ, ಮಗಳ ಪಕ್ಕದಲ್ಲಿ ಕೂತು ಚಮಚ ತುಂಬಿದಳು.

"ಅಕ್ಕೋರು ಹೇಳ್ಯಾರ," ಅಂದಳು. "ಉಣ್ಣು ನನ್ನವ್ವ."

ಮಗಳು ಅಕ್ಕೋರ ಮುಖ ನೋಡಿದಳು, ಬಾಯಿ ತೆರೆದಳು. ಬಟ್ಟಲು ಬರಿದಾಗುವ ತನಕ ಯಾರೂ ಕದಲಲಿಲ್ಲ. ಆಮೇಲೆ ಅಕ್ಕೋರನ್ನು ಎತ್ತಿದರು.