ಯಾವ ತೋಳು ಎಂದು ಕೇಳಬೇಡಿ

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡಿನ ಯೆಲ್ ದ್ವೀಪದ ಕಟ್ಟೆಯಲ್ಲಿ ಬೆಳಗಿನ ಮೊದಲ ಫೆರಿಗೆ ಕಾದು ನಿಂತಿರುವ ಕಾರೊಂದರ ಹಿಂದಿನ ಸೀಟಿನಿಂದ ಟಿಕ್ ಟಿಕ್ ಎಂಬ ಸದ್ದು ಬರುತ್ತಿದೆ. ಅಳಿಯ ಸ್ಟೀರಿಂಗಿಗೆ ತಲೆಯಾನಿಸಿ ಇನ್ನೊಂದು ನಿದ್ದೆ ತೆಗೆಯುತ್ತಿದ್ದಾನೆ. ಮಗಳು ವೇಲಾ ಟೀ ಫ್ಲಾಸ್ಕಿನ ಮುಚ್ಚಳ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಮೂರನೇ ಸಲ ನೋಡುತ್ತಿದ್ದಾಳೆ. ಹಿಂದೆ, ಇಬ್ಬರು ಮೊಮ್ಮಕ್ಕಳ ನಡುವೆ ಒತ್ತಿಕೊಂಡು ಕೂತಿರುವ ಜೆಮೀನಾ ಇಂಕ್‌ಸ್ಟರ್ ಒಂದು ಪುಟ್ಟ ಟೋಪಿ ಹೆಣೆಯುತ್ತಿದ್ದಾರೆ. ಊರಿಗೆಲ್ಲ ಅವರು ಮಿಮಿ. ಭಾನುವಾರ ಸಂಸಾರವೆಲ್ಲ ದಕ್ಷಿಣದ ಮರಳುದಂಡೆಗೆ ಹೊರಟಿದೆ, ಜೊತೆಗೆ ಹೆಣಿಗೆಯೂ ಹೊರಟಿದೆ.

ಮಿಮಿಯ ಸೊಂಟದಲ್ಲಿ ಕುದುರೆಕೂದಲು ತುಂಬಿದ ಚರ್ಮದ ಪಟ್ಟಿಯಿದೆ. ಬಲಗೈ ಕಡ್ಡಿಯ ಬುಡವನ್ನು ಅದರ ತೂತಿನಲ್ಲಿ ಸಿಕ್ಕಿಸಿಕೊಂಡರೆ ಕೈಗೆ ಭಾರವಿಲ್ಲ. ನಡೆಯುತ್ತಲೂ ಹೆಣೆಯಬಹುದು, ಕಾರು ಕುಲುಕಿದರೂ ಹೆಣೆಯಬಹುದು. ಮೊಣಕೈ ಪಕ್ಕೆಗೆ ತಾಗುತ್ತದೆಂದು ಮೊಮ್ಮಗಳು ಗೊಣಗುತ್ತಾಳೆ. ಅಜ್ಜಿ ಕೇಳಿಸಿಕೊಂಡರೆ ತಾನೆ!

ಈ ಟೋಪಿಯನ್ನು ಶುರು ಮಾಡಿದವರು ಮಿಮಿ ಅಲ್ಲ. ಅವರು ಹೆಣೆಯುವ ಯಾವುದನ್ನೂ ಅವರು ಶುರು ಮಾಡಿರುವುದಿಲ್ಲ. ನಮ್ಮ ಶೆಟ್ಲೆಂಡಿನಲ್ಲಿ ಅರ್ಧ ಹೆಣೆದಿಟ್ಟ ಚೀಲವೊಂದಿಲ್ಲದ ಮನೆ ಹುಡುಕಿದರೂ ಸಿಗದು. ಒಬ್ಬಳಿಗೆ ಕಣ್ಣು ಮಂಜಾಯಿತು, ಒಬ್ಬಳು ಹುಡುಗನ ಜೊತೆ ಜಗಳವಾಡಿಕೊಂಡಳು, ಇನ್ನೊಬ್ಬಳ ಮಗು ಸ್ವೆಟರಿಗಿಂತ ಬೇಗ ಬೆಳೆದುಬಿಟ್ಟಿತು. ಕೆಲವರು ತೀರಿಯೇ ಹೋದರು. ಆ ಚೀಲಗಳೆಲ್ಲ ಒಂದಲ್ಲ ಒಂದು ದಿನ ಮಿಮಿಯ ಬಾಗಿಲಿಗೆ ಬರುತ್ತವೆ.

"ಶುರು ಮಾಡೋದಕ್ಕೇನು, ಎಲ್ರಿಗೂ ಹುಮ್ಮಸ್ಸು ಇರುತ್ತೆ. ಎರಡನೇ ತೋಳಿಗೆ ಬರೋ ಹೊತ್ತಿಗೆ ಎಲ್ರಿಗೂ ಬೇರೆ ಕೆಲ್ಸ ನೆನಪಾಗುತ್ತೆ ನೋಡು," ಎನ್ನುತ್ತಾರೆ ಮಿಮಿ.

ಹದಿಹರೆಯದಲ್ಲೇ ಮೀನು ಫ್ಯಾಕ್ಟರಿ ಸೇರಿದವರು ಇವರು. ಐಸು ನೀರಿನಲ್ಲಿ ಕೈಯಿಟ್ಟುಕೊಂಡೇ ಪ್ರಾಯ ಕಳೆಯಿತು. ಈಗ ಬೆರಳ ಗೆಣ್ಣುಗಳು ಉಬ್ಬಿವೆ. ಚಳಿಗಾಲದ ಬೆಳಗಿನಲ್ಲಿ ಬಿಸಿ ಟೀ ಮಗ್ಗನ್ನು ಎರಡು ಕೈಯಲ್ಲೂ ತಬ್ಬಿ ಹಿಡಿದ ಮೇಲೆಯೇ ಬೆರಳು ಬಿಚ್ಚುವುದು. ಹೆಣಿಗೆ ಕಲಿಸಿದ್ದು ತಾಯಿ. ಆಕೆ ಬೆನ್ನ ಮೇಲೆ ಒಲೆಗೆ ಉರಿಸುವ ಪೀಟ್ ಮಣ್ಣಿನ ಬುಟ್ಟಿ ಹೊತ್ತು ಗುಡ್ಡ ಇಳಿಯುವಾಗಲೂ ಕಾಲುಚೀಲ ಹೆಣೆಯುತ್ತಿದ್ದಳಂತೆ. ಬರಿಗೈಯಲ್ಲಿ ಮನೆಯಿಂದ ಹೊರಡುವುದು ಮಿಮಿಗೆ ಇಂದಿಗೂ ಗೊತ್ತಿಲ್ಲ. ಕಾರಿಗೆ ಟೋಪಿ, ಮರಳುದಂಡೆಗೆ ಕಾಲುಚೀಲ, ಮದುವೆಮನೆಗೆ ಮೇಜಿನಡಿ ಬಚ್ಚಿಡಬಹುದಾದ ಕೂಸಿನ ಅಂಗಿ. ಬಣ್ಣಬಣ್ಣದ ಕಷ್ಟದ ವಿನ್ಯಾಸಗಳು ಮಾತ್ರ ಮನೆಯ ಒಲೆಯ ಪಕ್ಕ. ಸೋದರಳಿಯನ ಮದುವೆಯಲ್ಲಿ ಉಲ್ಲನ್ ಉಂಡೆ ಕೈಜಾರಿ ಬೆಂಚುಗಳಡಿ ಉರುಳುತ್ತ ಪಾದ್ರಿಯ ಕಾಲಬುಡಕ್ಕೇ ಹೋಗಿ ನಿಂತಿತ್ತು. ವೇಲಾ ಇವತ್ತಿಗೂ ಅದನ್ನು ನೆನೆದು ತಲೆ ತಗ್ಗಿಸುತ್ತಾಳೆ. "ಪಾದ್ರಿನೇ ಎತ್ತಿಕೊಟ್ರಲ್ಲ, ಇನ್ನೇನು?" ಎನ್ನುವುದು ಮಿಮಿಯ ವಾದ.

ನನ್ನ ಕುತೂಹಲ ಬೇರೆಯೇ ಇತ್ತು. ಒಬ್ಬೊಬ್ಬರ ಹೆಣಿಗೆಯ ಬಿಗಿ ಒಂದೊಂದು ಥರ. ಅರ್ಧ ಒಬ್ಬರದು, ಅರ್ಧ ಇನ್ನೊಬ್ಬರದು ಎಂದಾದರೆ ಕಣ್ಣಿಗೆ ಹೊಡೆಯುವುದಿಲ್ಲವೆ? ಕೇಳಿದಾಗ ಮಿಮಿ ಹೇಳಿದ್ದು ಆಗಿನ್ನೂ ಮುಗಿಯದಿದ್ದ ಗಿಬ್ಬಿಯ ತೋಳಿನ ಕಥೆ. ಗಿಬ್ಬಿ ಎಂಬುದು ನಿಜವಾದ ಹೆಸರಲ್ಲ, ಅವರ ಹೆಂಡತಿಯ ಹೆಸರನ್ನೂ ಬದಲಿಸಿದ್ದೇನೆ. ನಿಜವಾದದ್ದನ್ನು ಬರೆಯಕೂಡದೆಂದು ಮಿಮಿಯ ಕಟ್ಟಪ್ಪಣೆ.

ಗಿಬ್ಬಿಯ ಹೆಂಡತಿ ಓಸ್ಲಾ ಚಳಿಗಾಲದಲ್ಲಿ ತೀರಿಕೊಂಡರು. ಗಂಡನಿಗೆಂದು ಹೆಣೆಯುತ್ತಿದ್ದ ಸ್ವೆಟರಿನ ಮೈ ಮುಗಿದಿತ್ತು, ಒಂದು ತೋಳು ಮುಗಿದಿತ್ತು. ಗಿಬ್ಬಿ ಚೀಲವನ್ನು ಮಿಮಿಯ ಮೇಜಿನ ಮೇಲಿಟ್ಟು, ಇನ್ನೊಂದು ತೋಳು ಓಸ್ಲಾಳದೇ ಆಗಿರಬೇಕು, ಇಲ್ಲದಿದ್ದರೆ ಹಾಕುವುದಿಲ್ಲ ಎಂದರಂತೆ. ಸತ್ತವಳ ಕೈ ಎಲ್ಲಿಂದ ತರುವುದು? ಆದರೂ ಮಿಮಿ ಒಪ್ಪಿಕೊಂಡರು. ಒಲೆಯ ಪಕ್ಕ ಕೂತು ಎರಡು ಸಲ ಹೆಣೆದು ಎರಡು ಸಲವೂ ಬಿಚ್ಚಿದರು.

"ನಂದು ಚೆನ್ನಾಗಿ ಬಂತು, ಅದೇ ತಾಪತ್ರಯ. ಓಸ್ಲಾದು ಹಾಗಿಲ್ಲ. ಒಂದು ಕಡೆ ಬಿಗಿ, ಆಮೇಲೆ ಇದ್ದಕ್ಕಿದ್ದ ಹಾಗೆ ಸಡಿಲ, ಮತ್ತೆ ಬಿಗಿ. ಬೇಕು ಅಂತ ಸಡಿಲ ಮಾಡಿದ್ರೆ ಕಳ್ಳತನ ಮಾಡಿದ ಹಾಗೆ ಕಾಣುತ್ತೆ."

ಕೊನೆಗೆ ಗಿಬ್ಬಿಯ ಮಗಳನ್ನು ಕೇಳಿದರು, ನಿಮ್ಮಮ್ಮ ಎಲ್ಲಿ ಕೂತು ಹೆಣೆಯುತ್ತಿದ್ದಳು ಎಂದು. ಅಮ್ಮ ಮನೆಯಲ್ಲಿ ಕೂತದ್ದನ್ನೇ ತಾನು ನೋಡಿಲ್ಲ, ಹೆಣಿಗೆಯೆಲ್ಲ ಹೊರಗೆ ಹೋದಾಗಲೇ, ಅದರಲ್ಲೂ ಪೀಟ್ ಗುಡ್ಡದಲ್ಲಿ ಎಂದಳು ಮಗಳು. ಕಡಿದು ಹಾಸಿದ ಹೆಂಟೆಗಳನ್ನು ಜೂನ್‌ನಲ್ಲಿ ಮನೆಮಂದಿಯೆಲ್ಲ ಸೇರಿ ಎತ್ತಿ ಒಣಗಲೆಂದು ಒಂದಕ್ಕೊಂದು ಆನಿಸಿ ನಿಲ್ಲಿಸುತ್ತೇವಲ್ಲ, ಆಗ. ಆದರೆ ಈ ವರ್ಷ ಗುಡ್ಡವೂ ಬೇಡ ಏನೂ ಬೇಡ ಎಂದು ಗಿಬ್ಬಿ ಹಟ ಹಿಡಿದು ಕೂತಿದ್ದರು. ಅವರ ಅಳಿಯ ಕಡಿದು ಹಾಕಿದ್ದ ಹೆಂಟೆಗಳು ನೆಲದಲ್ಲೇ ನೆನೆಯುತ್ತಿದ್ದವು.

ಮಿಮಿ ಅವರ ಬಾಗಿಲಿಗೇ ಹೋದರು. "ತೋಳು ಬೇಕಾ? ಹಾಗಾದ್ರೆ ಗುಡ್ಡಕ್ಕೆ ನಡಿ. ನಿನ್ನ ಹೆಂಡ್ತಿ ತೋಳು ಅಲ್ಲಿದೆ, ನನ್ನ ಮನೇಲಿಲ್ಲ."

ಆ ದಿನ ನಾನೂ ಅವರ ಬೆನ್ನು ಹತ್ತಿ ಹೋದೆ. ಗುಡ್ಡದ ಮೇಲೆ ಗಾಳಿ ಬೀಸುತ್ತಿತ್ತು. ಗಿಬ್ಬಿ ವ್ಯಾನಿನಿಂದ ಇಳಿಯಲಿಲ್ಲ, ಗಾಜು ಏರಿಸಿಕೊಂಡು ಕೂತರು. ಮಗಳು, ಅಳಿಯ, ಮಕ್ಕಳು ಬಗ್ಗಿ ಹೆಂಟೆ ಎತ್ತತೊಡಗಿದರು. ಮಿಮಿ ಮೀನಿನ ಪೆಟ್ಟಿಗೆ ಬೋರಲು ಹಾಕಿ, ಗಾಳಿಗೆ ಬೆನ್ನು ಕೊಟ್ಟು ಕೂತು, ಕಡ್ಡಿ ಸಿಕ್ಕಿಸಿಕೊಂಡರು. ನಾಲ್ಕು ಸಾಲು ಹೆಣೆದು ತಲೆಯಾಡಿಸಿದರು. ಓಸ್ಲಾಳ ಬಿಗಿ ಬರಲಿಲ್ಲ.

ಆಗ ವ್ಯಾನಿನ ಬಾಗಿಲು ತೆರೆಯಿತು. ಗಿಬ್ಬಿ ಸಿಡಿಮಿಡಿಗುಟ್ಟುತ್ತ ಬಂದು ಪೆಟ್ಟಿಗೆ ತೋರಿಸಿದರು.

"ಅವಳು ಹಾಗೆ ಕೂರ್ತಿರ್ಲಿಲ್ಲ. ಗಾಳಿ ಮುಖಕ್ಕೆ ಹೊಡೆದ್ರೂ ಈ ಕಡೇನೇ ತಿರುಗಿ ಕೂರೋಳು."

"ಯಾಕೆ?"

"ನಾನು ಕೆಲ್ಸ ಕದೀತೀನಾ ಅಂತ ನೋಡೋಕೆ."

ಮಿಮಿ ಪೆಟ್ಟಿಗೆಯನ್ನು ತಿರುಗಿಸಿಕೊಂಡರು. ಈಗ ಮುಂದೆ ಹೆಂಟೆಗಳ ಸಾಲು, ಸಾಲಿನ ಮುಂದೆ ಸುಮ್ಮನೆ ನಿಂತ ಗಿಬ್ಬಿ. "ನಿಂತು ನೋಡಿದ್ರೆ ಅದೇನು ಎದ್ದು ನಿಲ್ಲುತ್ತಾ? ಬಗ್ಗಯ್ಯ!" ಎಂದರು. ಗಿಬ್ಬಿ ಒಂದು ಕ್ಷಣ ದಿಟ್ಟಿಸಿದರು. ಆಮೇಲೆ ಬಗ್ಗಿ ಹೆಂಟೆ ಎತ್ತಿದರು. ಅದು ಬಿತ್ತು. ಓಸ್ಲಾ ಇದಕ್ಕಿಂತ ಜೋರಾಗಿ ಬೈಯುತ್ತಿದ್ದಳೆಂದು ಅವರೇ ಹೇಳಿಕೊಟ್ಟರು. ಮಿಮಿ ಜೋರಾಗಿ ಬೈದರು. ಮಗಳು ಹೆಂಟೆಯ ಸಾಲಿನ ಮಧ್ಯೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು, ಆಮೇಲೆ ನಿಜವಾಗಿಯೇ ಅತ್ತಳು. ಬ್ಯಾನಕ್ ರೊಟ್ಟಿ, ಒಣಗಿಸಿದ ಕುರಿಮಾಂಸ, ಟೀ ಎಲ್ಲ ಹೊರಬಂದವು. ಮಿಮಿ ನಡುನಡುವೆ ರೊಟ್ಟಿ ಕಚ್ಚುತ್ತ, ಬೈಯುತ್ತ, ಹೆಣೆಯುತ್ತಲೇ ಇದ್ದರು. ಬೈಯುವಾಗ ನೂಲು ಬಿಗಿಯಿತು, ನಗುವಾಗ ಸಡಿಲಾಯಿತು. ಹೊತ್ತಿಳಿಯುವಾಗ ತೋಳು ಮೊಣಕೈ ದಾಟಿತ್ತು, ಹೆಂಟೆಗಳೆಲ್ಲ ಎದ್ದು ನಿಂತಿದ್ದವು. ಉಳಿದದ್ದನ್ನೂ ಮಿಮಿ ಆ ಸಂಸಾರದ ಜೊತೆ ಸುತ್ತಾಡುತ್ತಲೇ ಮುಗಿಸಿದರು.

ಒಗೆದು, ಮರದ ಚೌಕಟ್ಟಿಗೆ ಹಿಗ್ಗಿಸಿ ಒಣಗಿಸಿ ಕೊಟ್ಟ ದಿನ ಗಿಬ್ಬಿ ಅದನ್ನು ತೊಟ್ಟು ಬೆಳಕಿಗೆ ನಿಂತರಂತೆ. ನಮ್ಮ ಸ್ವೆಟರಿಗೆ ಹಿಂದು ಮುಂದು ಎಂದಿಲ್ಲ, ಹೇಗೆ ಬೇಕಾದರೂ ತೊಡಬಹುದು, ಎಡದ ತೋಳು ಬಲಕ್ಕೂ ಬರುತ್ತದೆ. ಎಡಗೈ ನೋಡಿಕೊಂಡರು, ಬಲಗೈ ನೋಡಿಕೊಂಡರು, ಮತ್ತೆ ಎಡಗೈ. ಓಸ್ಲಾಳದು ಯಾವುದು ಎಂದು ಕೇಳಿದರು. ಮಿಮಿ, ನಿನಗೆ ಗೊತ್ತಾಗದಿದ್ದರೆ ನನಗೂ ಗೊತ್ತಿಲ್ಲ ಎಂದುಬಿಟ್ಟರು.

ಫೆರಿ ಹೊರಟಿದೆ. ಮಿಮಿ ಮೊಮ್ಮಕ್ಕಳೊಂದಿಗೆ ಮೇಲಿನ ಕೋಣೆಗೆ ಬಂದು ಕೂತಿದ್ದಾರೆ, ಜೊತೆಗೆ ಅವರ ಬಗ್ಗೆ ಬರೆಯಲು ಬಂದ ನಾನೂ. ಎದುರು ಬೆಂಚಿನಲ್ಲಿ ಗಿಬ್ಬಿ. ಮಗಳ ಸಂಸಾರದ ಜೊತೆ ಅವರೂ ಎಲ್ಲಿಗೋ ಹೊರಟಿದ್ದಾರೆ. ಪಕ್ಕದಲ್ಲಿದ್ದ ಪ್ರವಾಸಿ ಹೆಂಗಸೊಬ್ಬರು ಸ್ವೆಟರನ್ನು ನೋಡಿ ನೋಡಿ, ಕೊನೆಗೆ ತಡೆಯಲಾರದೆ ಯಾರು ಹೆಣೆದದ್ದು ಎಂದು ಕೇಳುತ್ತಾರೆ.

"ನನ್ನ ಹೆಂಡತಿ," ಎನ್ನುತ್ತಾರೆ ಗಿಬ್ಬಿ, ಎರಡು ತೋಳನ್ನೂ ಮುಂದೆ ಚಾಚಿ ತೋರಿಸುತ್ತ. ಮಿಮಿಯ ಹೆಸರು ಅವರ ಬಾಯಿಗೆ ಬರುವುದಿಲ್ಲ. ನಾನು ಥಟ್ಟನೆ ಮಿಮಿಯ ಕಡೆ ತಿರುಗುತ್ತೇನೆ. ಮಿಮಿಯ ಕಡ್ಡಿ ಮಾತ್ರ ಒಂದು ಕುಣಿಕೆಯನ್ನೂ ತಪ್ಪುವುದಿಲ್ಲ. ಮುಖದಲ್ಲಿ ಹಬ್ಬದ ಕಳೆ.

ಹತ್ತಿರ ಸರಿದು, ನಿಜಕ್ಕೂ ನಿಮ್ಮದು ಯಾವ ತೋಳು ಎಂದು ನಾನು ಮೆಲ್ಲಗೆ ಕೇಳುತ್ತೇನೆ. ಅವರು ಅತ್ತಿತ್ತ ನೋಡಿ, ಕಣ್ಣಲ್ಲೇ ಒಂದು ತೋಳನ್ನು ತೋರಿಸುತ್ತಾರೆ.

"ನನ್ನ ಬಗ್ಗೆ ಏನ್ ಬೇಕಾದ್ರೂ ಬರ್ಕೋ. ಅದೊಂದು ಮಾತ್ರ ಬರೀಬೇಡ ಕಣಪ್ಪ," ಎನ್ನುತ್ತಾರೆ. "ಅವನು ಎರಡೂ ಕೈ ಅವಳದೇ ಅಂತ ಓಡಾಡ್ಕೊಂಡಿರ್ಲಿ."